ವರುಣನ ಆರ್ಭಟ ಸಾಕು, ಮಳೆಯನ್ನು ಬರೆಯೋಣ

ಮಾನ್ಯ ಸಂಪಾದಕರೇ,

ಮುಂಗಾರು ಕಾಲಿಟ್ಟಿತೆಂದರೆ ನಮ್ಮ ಪತ್ರಿಕೆಗಳಲ್ಲಿ ವರುಣ ಆರ್ಭಟಿಸುತ್ತಾನೆ, ನದಿಗಳು ಮೈದುಂಬುತ್ತವೆ, ಜಲಪಾತಗಳು ಹಾಲ್ನೊರೆ ಉಕ್ಕಿಸುತ್ತವೆ, ಭೂರಮೆ ಹಸಿರು ಸೀರೆ ಉಡುತ್ತಾಳೆ. ಜಾತ್ರೆಯಾದರೆ ಜನಸಾಗರ ಹರಿದು ಬರುತ್ತದೆ. ನೃತ್ಯವಾದರೆ ಪ್ರೇಕ್ಷಕರ ಮನ ಸೂರೆಹೋಗುತ್ತದೆ. ಭಾಗಮಂಡಲದಲ್ಲಿ ಸುರಿದ ಮಳೆಗೂ ರಾಯಚೂರಿನ ಎರೆ ಹೊಲದ ಮೇಲೆ ಬಿದ್ದ ಮಳೆಗೂ ಅದೇ ವಾಕ್ಯ. ಹನಿ ದಪ್ಪವೋ ಸಣ್ಣವೋ, ಗಾಳಿ ಇತ್ತೋ ಇಲ್ಲವೋ, ನೀರು ಇಂಗಿತೋ ಹರಿಯಿತೋ, ಓದುಗನಿಗೆ ಒಂದೂ ತಿಳಿಯುವುದಿಲ್ಲ. ಇದಕ್ಕೆ ವರದಿಗಾರರನ್ನು ದೂರುವುದು ತರವಲ್ಲ. ರಾತ್ರಿ ಪುಟ ಮುಗಿಸುವ ಅವಸರದಲ್ಲಿ ಕೈಗೆ ಮೊದಲು ಸಿಗುವುದು ಸವಕಲು ಮಾತೇ. ಆದರೆ ಕನ್ನಡದ ಒಳಗೇ ಇದಕ್ಕೆ ಬೇಕಾದ ಸಲಕರಣೆ ಬಿದ್ದಿದೆ. ಅದನ್ನು ಕೈಗೆತ್ತಿಕೊಳ್ಳುವ ಬಗೆಯನ್ನು ತುಸು ವಿವರವಾಗಿ ಹೇಳುವುದಕ್ಕೇ ಈ ಪತ್ರ. ಉದ್ದವಾದರೆ ಮನ್ನಿಸಬೇಕು.

ವರ್ಣನೆಗೆ ಹೊಸತನ ಬೇಕೆಂದಾಗ ಬಹಳಷ್ಟು ಮಂದಿ ನಿಘಂಟು ತೆರೆಯುತ್ತಾರೆ. ಹೋಗಬೇಕಾದ್ದು ಅಡುಗೆಮನೆಗೆ, ಕಣಕ್ಕೆ, ಮಗ್ಗದ ಮನೆಗೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲೈತೆ’ ಎಂಬ ಒಗಟು ಎಲ್ಲರಿಗೂ ಗೊತ್ತು, ಉತ್ತರ ಮಲ್ಲಿಗೆ. ಇದರಲ್ಲಿರುವ ಒಂದೊಂದು ಪದವೂ ಆಗಷ್ಟೇ ಮಾತು ಕಲಿತ ಮಗುವಿನ ಬಾಯಲ್ಲಿರುವಂಥದು. ಆದರೂ ಕೇಳಿದ ಕ್ಷಣ ಗಿಡ ಕಣ್ಣೆದುರು ನಿಲ್ಲುತ್ತದೆ. ಮೊಸರಿನ ಬದಲು ಹಾಲು ಎಂದಿದ್ದರೆ ಒಗಟು ಸೋಲುತ್ತಿತ್ತು. ಹಾಲು ಎಲೆಯ ಮೇಲೆ ನಿಲ್ಲದು, ಜಾರಿಹೋಗುತ್ತದೆ. ಮೊಸರು ಗಡ್ಡೆಗಡ್ಡೆಯಾಗಿ ಬಿದ್ದಲ್ಲೇ ಕೂರುತ್ತದೆ, ಮಲ್ಲಿಗೆಯೂ ಹಾಗೆ ಅಲ್ಲಲ್ಲಿ ಗೊಂಚಲಾಗಿ ಕೂತಿರುತ್ತದೆ. ‘ಚೆಲ್ಲೈತೆ’ ಬದಲು ‘ಇಟ್ಟೈತೆ’ ಎಂದಿದ್ದರೂ ಸೋಲುತ್ತಿತ್ತು. ಚೆಲ್ಲುವುದಕ್ಕೆ ಅಳತೆಯಿಲ್ಲ, ಸಾಲಿಲ್ಲ; ಗಿಡದಲ್ಲಿ ಹೂ ಬಿಡುವುದಕ್ಕೂ ಇಲ್ಲ. ಬಿಳುಪು, ಗಟ್ಟಿತನ, ಚೆದುರಿದ ರೀತಿ, ಈ ಮೂರೂ ತಾಗಿದ್ದರಿಂದ ಹೋಲಿಕೆ ನಿಂತಿತು. ಬಣ್ಣವೊಂದೇ ತಾಗಿದ ಹೋಲಿಕೆ ನಿಲ್ಲುವುದಿಲ್ಲ. ‘ಹಾಲ್ನೊರೆಯ ಜಲಪಾತ’ ಸೊರಗಿರುವುದು ಇದೇ ಕಾರಣಕ್ಕೆ.

ಜೋಗದ ವಿಷಯವನ್ನೇ ನೋಡಿ. ಶರಾವತಿ 253 ಮೀಟರ್ ಕೆಳಗೆ ಇಳಿಯುವುದು ನಾಲ್ಕು ಕವಲಾಗಿ: ರಾಜ, ರಾಣಿ, ರೋರರ್, ರಾಕೆಟ್. ನಾಲ್ಕೂ ಬೆಳ್ಳಗಿವೆ ನಿಜ, ಆದರೆ ನಾಲ್ಕರ ನಡೆ ನಾಲ್ಕು ಬಗೆ. ರಾಜ ಬಂಡೆಗೆ ಮೈ ತಾಗಿಸದೆ ಒಂದೇ ಕಂಬವಾಗಿ ಬೀಳುತ್ತದೆ. ರೋರರ್ ಬಂಡೆಯ ಬೋಗುಣಿಯೊಳಗೆ ಧುಮುಕಿ, ಮೊರೆದು, ಆಮೇಲೆ ರಾಜನನ್ನು ಕೂಡುತ್ತದೆ. ರಾಕೆಟ್ ಬಿಟ್ಟುಬಿಟ್ಟು ಚಿಮ್ಮುತ್ತದೆ. ರಾಣಿ ಬಂಡೆಯ ಮೈಯನ್ನು ಸವರಿಕೊಂಡು ಜಾರುತ್ತದೆ. ‘ಬೀಳು’ ಎನ್ನುವ ಕ್ರಿಯಾಪದವನ್ನು ರಾಜನಿಗಷ್ಟೇ ಇಟ್ಟುಕೊಂಡು ಉಳಿದ ಮೂರಕ್ಕೆ ಧುಮುಕು, ಚಿಮ್ಮು, ಜಾರು ಎಂಬುವನ್ನು ಕೊಟ್ಟರೆ ಸಾಕು, ಒಂದೂ ವಿಶೇಷಣವಿಲ್ಲದೆ ನಾಲ್ಕು ಜಲಪಾತಗಳು ಬೇರೆಬೇರೆಯಾಗಿ ಕಾಣುತ್ತವೆ. ಲಿಂಗನಮಕ್ಕಿಯ ಗೇಟು ತೆರೆದಾಗ ನಾಲ್ಕರ ನಡುವಿನ ಬಂಡೆ ಮುಳುಗಿ ಎಲ್ಲ ಒಂದಾಗುತ್ತವೆ. ಆಗ ಈ ನಾಲ್ಕೂ ಕ್ರಿಯಾಪದ ಸುಳ್ಳಾಗುತ್ತವೆ, ಬೇರೆಯದು ಹುಡುಕಬೇಕು. ಪದ ಕಣ್ಣಿನ ಹಿಂದೆ ಬರಬೇಕು. ‘ರುದ್ರರಮಣೀಯ’ ಕಣ್ಣಿಗಿಂತ ಮೊದಲೇ ಬಂದು ಕೂತಿರುತ್ತದೆ.

ಕನ್ನಡದಲ್ಲಿ ವರ್ಣನೆಯ ಬಲವಿರುವುದು ಕ್ರಿಯಾಪದದಲ್ಲಿ. ನಮ್ಮ ವಾಕ್ಯ ಮುಗಿಯುವುದು ಅಲ್ಲಿಯೇ, ಓದುಗನ ಮನಸ್ಸಿನಲ್ಲಿ ಕೊನೆಗೆ ಉಳಿಯುವುದೂ ಅದೇ. ನಾಮಪದದ ಹಿಂದೆ ನಾಲ್ಕು ವಿಶೇಷಣ ಪೇರಿಸಿ ಕೊನೆಗೆ ‘ಇದೆ’, ‘ಆಗಿದೆ’, ‘ಕಂಡುಬಂತು’ ಎಂದು ಮುಗಿಸಿದರೆ ಅಷ್ಟು ಹೊತ್ತು ಕಾದ ಓದುಗನ ಕೈಗೆ ಖಾಲಿ ಬಟ್ಟಲು ಕೊಟ್ಟಂತೆ. ಹೊಸ ಪದ ಒಂದೇ ಒಂದನ್ನು ತರುವುದಾದರೆ ವಾಕ್ಯದ ಕೊನೆಯಲ್ಲಿ ತನ್ನಿ.

ಅದನ್ನು ಎಲ್ಲಿಂದ ತರುವುದು? ದಾರಿ ಹೀಗಿದೆ. ಮೊದಲು ಆ ವಸ್ತು ಏನು ಮಾಡುತ್ತಿದೆ ಎಂಬುದನ್ನು ಸಾದಾ ಮಾತಿನಲ್ಲಿ ಐದಾರು ಸಾಲು ಬರೆದುಕೊಳ್ಳಬೇಕು, ಹೋಲಿಕೆಯನ್ನು ಯೋಚಿಸಲೇಬಾರದು. ಚಿತ್ರದುರ್ಗದ ಕಡೆಯ ಬಯಲಿನಲ್ಲಿ ಗಾಳಿಮಳೆ ಬಂದಿದೆ ಎನ್ನಿ. ಗಾಳಿ ಪಶ್ಚಿಮದಿಂದ ಬೀಸುತ್ತಿದೆ, ದಪ್ಪ ಹನಿ ಹತ್ತಿರ ಬೀಳುತ್ತಿದೆ, ಸಣ್ಣ ಹನಿ ಹಾರಿಕೊಂಡು ಪಡಸಾಲೆಯ ಒಳಗೂ ಬರುತ್ತಿದೆ. ಈಗ ಕೇಳಿಕೊಳ್ಳಬೇಕು: ಭಾರದ್ದನ್ನೂ ಹಗುರದ್ದನ್ನೂ ಗಾಳಿ ಹೀಗೆ ಬೇರ್ಪಡಿಸುವುದು ಯಾವ ಕಸುಬಿನಲ್ಲಿ? ಕಣದಲ್ಲಿ ರಾಶಿ ತೂರುವಾಗ. ಅಲ್ಲಿ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ವಾಕ್ಯ ತಾನಾಗಿ ಬರುತ್ತದೆ: ‘ಗಾಳಿ ಮಳೆಯನ್ನು ತೂರುತ್ತಿತ್ತು, ಕಾಳು ಅಂಗಳಕ್ಕೆ, ಹೊಟ್ಟು ಪಡಸಾಲೆಗೆ.’ ‘ತೂರು’ ಎಲ್ಲರಿಗೂ ತಿಳಿದ ಪದ, ಕೂತ ಜಾಗ ಮಾತ್ರ ಹೊಸದು.

ಮೂರನೆಯ ಹೆಜ್ಜೆ ಪರೀಕ್ಷೆ. ಹೋಲಿಕೆ ಎಷ್ಟು ಕಡೆ ತಾಗಿತು, ಎಲ್ಲಿ ತಪ್ಪಿತು ಎಂದು ಎಣಿಸಬೇಕು. ಪ್ರವಾಹದ ಕೆಸರುನೀರಿಗೆ ಬೆಲ್ಲದ ‘ಎರಡೆಳೆ ಪಾಕ’ ಎನ್ನುವ ಆಸೆಯಾಗಬಹುದು, ಬಣ್ಣವೂ ಮಂದವೂ ಹೊಂದುತ್ತವೆ. ಆದರೆ ಎರಡೆಳೆ ಪಾಕ ಬೆರಳ ನಡುವೆ ನಿಧಾನವಾಗಿ ಎಳೆಯುವಂಥದು, ಪ್ರವಾಹ ಮರದ ದಿಮ್ಮಿಯನ್ನು ಎಳೆದೊಯ್ಯುವಂಥದು. ವೇಗ ತಪ್ಪಿದ್ದರಿಂದ ಹೋಲಿಕೆ ಬಿತ್ತು. ಅದೇ ಮಾತನ್ನು ರಸ್ತೆಗೆ ಸುರಿಯಲು ಕಾಯಿಸುತ್ತಿರುವ ಟಾರಿಗೆ ಹೇಳಿ ನೋಡಿ: ‘ಡ್ರಮ್ಮಿನಲ್ಲಿ ಟಾರು ಎರಡೆಳೆ ಪಾಕಕ್ಕೆ ಬಂದಿತ್ತು.’ ಬಣ್ಣ ತಪ್ಪಿದರೂ ಬಿಸಿ, ಮಂದ, ಎಳೆ, ಹದ ನಾಲ್ಕೂ ಸರಿ. ಇಲ್ಲಿ ಬಣ್ಣ ತಪ್ಪಿದ್ದು ಅಡ್ಡಿಯಲ್ಲ, ಟಾರು ಕಪ್ಪೆಂದು ಯಾರಿಗೂ ಹೇಳಬೇಕಿಲ್ಲವಲ್ಲ.

ಕಸುಬಿನ ಪದವನ್ನು ಎರವಲು ತರುವಾಗ ಆ ಕಸುಬಿನವರು ಓದಿದರೆ ತಲೆಯಾಡಿಸುವಂತಿರಬೇಕು. ಕೂರಿಗೆಯಲ್ಲಿ ಬಿತ್ತುವುದಕ್ಕೂ ಸಸಿ ನಾಟಿ ಮಾಡುವುದಕ್ಕೂ ವ್ಯತ್ಯಾಸ ತಿಳಿಯದೆ ‘ಕನಸುಗಳ ನಾಟಿ ಬಿತ್ತಿದರು’ ಎಂದು ಬರೆದರೆ ರೈತ ಅಲ್ಲಿಗೇ ಓದು ನಿಲ್ಲಿಸುತ್ತಾನೆ. ಇನ್ನೊಂದು ತಪ್ಪು, ಕಸುಬುಗಳನ್ನು ಕಲಸುವುದು. ತೂರುತ್ತಿದ್ದ ಗಾಳಿ ಮುಂದಿನ ವಾಕ್ಯದಲ್ಲೇ ಒಗ್ಗರಣೆ ಹಾಕಬಾರದು. ಒಂದು ಪ್ಯಾರಾಕ್ಕೆ ಒಂದು ಕಸುಬು ಸಾಕು.

ಸವೆದ ಮಾತಿಗೂ ಮತ್ತೆ ಜೀವ ತರಬಹುದು. ‘ಮುಸಲಧಾರೆ’ಯಲ್ಲಿರುವ ಮುಸಲ ಎಂದರೆ ಒನಕೆ. ಈಗ ಆ ಒನಕೆ ಯಾರ ಕಣ್ಣಿಗೂ ಬೀಳದು. ಮುಸಲವನ್ನು ಬಿಟ್ಟು ಅದರ ಕೆಲಸವನ್ನು ಉಳಿಸಿಕೊಂಡರೆ: ‘ರಾತ್ರಿಯಿಡೀ ಮಳೆ ಅಂಗಳವನ್ನು ಕುಟ್ಟಿತು, ಬೆಳಿಗ್ಗೆ ಸೂರಂಚಿನ ಕೆಳಗೆ ಸಾಲಾಗಿ ಒರಳುಗುಳಿ.’ ‘ಹಾಸುಹೊಕ್ಕು’ ಕೂಡ ಹಾಗೆಯೇ. ‘ಭ್ರಷ್ಟಾಚಾರ ಹಾಸುಹೊಕ್ಕಾಗಿದೆ’ ಎಂದು ಬರೆದು ಬರೆದು ಅದು ಮಗ್ಗದಿಂದ ಬಂದದ್ದೆಂಬುದೇ ಮರೆತಿದೆ. ಹಾಸು ಉದ್ದದ ನೂಲು, ಹೊಕ್ಕು ಅಡ್ಡದ ನೂಲು. ಇವೆರಡನ್ನೂ ಬಿಡಿಸಿ ಇಟ್ಟರೆ ಊರಿನ ನಕ್ಷೆಯೇ ಸಿಗುತ್ತದೆ: ‘ಹೆದ್ದಾರಿ ಹಾಸು, ಅಡ್ಡರಸ್ತೆಗಳೆಲ್ಲ ಹೊಕ್ಕು, ಬೆಳಗಿನಿಂದ ಆಟೋಗಳು ಲಾಳಿ.’ ಜನಸಾಗರವೆನ್ನಲೇಬೇಕಿದ್ದರೆ ಸಾಗರಕ್ಕಿರುವ ಉಬ್ಬರ ಇಳಿತಗಳನ್ನಾದರೂ ತನ್ನಿ: ತೇರು ನಿಂತ ಮೇಲೆ ಜನ ಇಳಿಯುತ್ತಾ, ಚಪ್ಪಲಿ, ಬಾಳೆಸಿಪ್ಪೆ, ಕಾಗದದ ಲೋಟಗಳನ್ನು ದಡಕ್ಕೆ ಬಿಟ್ಟು ಹೋಗುವುದನ್ನು ಬರೆಯಿರಿ.

ಇನ್ನು ಸದ್ದಿನ ಪದಗಳು. ವ್ಯಾಕರಣ ಇವನ್ನು ಅನುಕರಣಾವ್ಯಯ ಎನ್ನುತ್ತದೆ. ಈ ವಿಷಯದಲ್ಲಿ ಕನ್ನಡ ಬಲು ಶ್ರೀಮಂತ ಭಾಷೆ, ಆದರೆ ನಾವು ಬರವಣಿಗೆಯಲ್ಲಿ ಬಳಸುವುದು ಹತ್ತು ಹನ್ನೆರಡು ಮಾತ್ರ: ಜುಳುಜುಳು, ಗಲಗಲ, ಪಟಪಟ, ಗಿಜಿಗಿಜಿ, ಹೀಗೆ. ಇವನ್ನು ಹೊಸದಾಗಿ ಕಟ್ಟುವುದಕ್ಕೂ ಒಂದು ಹದವಿದೆ. ಕಟ್ಟುನಿಟ್ಟಿನ ನಿಯಮವಲ್ಲ, ಕಿವಿ ಬಹುಪಾಲು ಒಪ್ಪುವ ಹದ.

ಸ್ವರ ಗಾತ್ರವನ್ನು ಹೇಳುತ್ತದೆ. ‘ಇ’ ಇದ್ದರೆ ಸಣ್ಣದು, ತೆಳ್ಳನೆಯದು: ಜಿಟಿಜಿಟಿ, ಕಿಚಿಪಿಚಿ, ಕಿಲಿಕಿಲಿ. ‘ಅ’ ಇದ್ದರೆ ತೆರೆದದ್ದು, ಬಿಡಿಬಿಡಿಯಾದದ್ದು: ಪಟಪಟ, ಗಲಗಲ, ಸರಸರ. ‘ಉ’ ಇದ್ದರೆ ಒಳಗಿನಿಂದ ಬಂದದ್ದು, ಅರೆ ಮುಚ್ಚಿದ್ದು: ಗುಸುಗುಸು, ಗುಡುಗುಡು, ಬುಸುಬುಸು. ‘ಒ’ ಬಂದರೆ ಪೊಳ್ಳು, ದಪ್ಪ: ಕೊತಕೊತ, ಲೊಟಲೊಟ. ವ್ಯಂಜನ ವಸ್ತುವನ್ನು ಹೇಳುತ್ತದೆ. ಪ, ಟ, ಕ ಒಣಗಿದ್ದಕ್ಕೆ, ಹಗುರಕ್ಕೆ. ಬ, ದ, ಗ ಭಾರಕ್ಕೆ. ‘ಪಟಪಟ’ ಬಿದ್ದದ್ದು ಹನಿಯಾದರೆ ‘ದಬದಬ’ ಬಿದ್ದದ್ದು ತೆಂಗಿನಕಾಯಿ. ಲ, ಳ ನೀರಿಗೆ, ಕಣ್ಣೀರಿಗೆ. ರ ನಿಲ್ಲದೆ ಉಜ್ಜುವುದಕ್ಕೆ. ಣ ಲೋಹಕ್ಕೆ.

ಇಷ್ಟು ಕೈಯಲ್ಲಿದ್ದರೆ ಒಂದೇ ಮಳೆಯನ್ನು ಬೇರೆಬೇರೆ ಮಾಡಿನ ಮೇಲೆ ಕೇಳಿಸಬಹುದು. ತಗಡಿನ ಶೀಟಿನ ಮೇಲೆ ತಡತಡ. ಮಂಗಳೂರು ಹೆಂಚಿನ ಮೇಲೆ ಟಪಟಪ. ಸೋಗೆಯ ಮಾಡಿನ ಮೇಲೆ ಹನಿ ಸಿಡಿಯುವುದಿಲ್ಲ, ಎಳೆಗಳ ನಡುವೆ ನುಸುಳುತ್ತದೆ, ಆದ್ದರಿಂದ ಸೊರಸೊರ. ಬಾಳೆಯೆಲೆ ಹೊಡೆತಕ್ಕೆ ಬಾಗಿ ಏಳುವುದರಿಂದ ಲಪಲಪ. ಬಿಗಿಯಾಗಿ ಕಟ್ಟಿದ ಟಾರ್ಪಾಲಿನ ಮೇಲೆ ಪಟಪಟ, ಸಡಿಲವಾಗಿ ಕಟ್ಟಿದ್ದರೆ ನೀರು ನಿಂತು ಬೊದಬೊದ. ಕೆರೆಯ ಮೇಲೆ ಚುಳುಚುಳು. ಉತ್ತ ಹೊಲದ ಮೇಲೆ ಸದ್ದೇ ಇಲ್ಲ, ಮಣ್ಣು ಹನಿಯನ್ನು ನುಂಗುತ್ತದೆ. ಯಾವ ಊರಿನ ಮಳೆ, ಯಾರ ಮನೆಯ ಮಳೆ ಎಂಬುದೂ ಇದರಲ್ಲೇ ತಿಳಿಯುತ್ತದೆ. ತಗಡಿನ ಸದ್ದು ಕೇಳಿದ ಓದುಗ ಆ ಮನೆಯವರು ರಾತ್ರಿ ನಿದ್ದೆ ಮಾಡಿರಲಾರರೆಂದು ತಾನೇ ಊಹಿಸಿಕೊಳ್ಳುತ್ತಾನೆ.

ಎಲ್ಲಿ ಕೆಡುತ್ತದೆ? ಒಂದು, ಪದದ ಅಳತೆ ಮೀರಿದಾಗ. ಜುಳುಜುಳು ಎನ್ನಬೇಕಾದರೆ ಪಾದ ಮುಳುಗುವಷ್ಟು ನೀರು, ಕೆಳಗೆ ಕಲ್ಲು ಇರಬೇಕು. ಗೇಟು ತೆರೆದ ಮೇಲೆ ಬಯಲುಸೀಮೆಯಲ್ಲಿ ಎರಡೂ ದಡ ಮುಟ್ಟಿ ಹೋಗುವ ಕೃಷ್ಣೆಗೆ ಅದು ಸಲ್ಲದು. ಅಲ್ಲಿ ತುಂಬಿದ ಹೊಳೆ ಹೆಚ್ಚು ಸದ್ದನ್ನೇ ಮಾಡುವುದಿಲ್ಲ. ಆ ಮೌನವನ್ನು ಬರೆದರೆ ಭಯ ತಾನಾಗಿ ಹುಟ್ಟುತ್ತದೆ. ಎರಡು, ಸದ್ದು ಕ್ರಿಯಾಪದದಲ್ಲೇ ಇರುವಾಗ ಮತ್ತೊಮ್ಮೆ ಹೇಳಿದಾಗ: ‘ಭೋರೆಂದು ಭೋರ್ಗರೆಯಿತು’, ‘ಗುಡುಗುಡು ಗುಡುಗಿತು’. ಮೂರು, ಮಹಾಪ್ರಾಣದ ಅತಿಬಳಕೆ. ಧ, ಘ, ಝ, ಭ ಪದಕ್ಕೆ ತೂಕ ಕೊಡುತ್ತವೆ. ಸಣ್ಣ ತೊರೆಗೂ ‘ಝುಳುಝುಳು’ ಎಂದರೆ ದೊಡ್ಡ ಹೊಳೆಗೆ ಏನೂ ಉಳಿಯುವುದಿಲ್ಲ.

ಸದ್ದಿಲ್ಲದ್ದಕ್ಕೂ ನಮ್ಮಲ್ಲಿ ಇಂಥ ಪದಗಳಿವೆ: ಬಿಕೋ, ಗವ್, ಜುಮ್, ಚುರುಕ್, ಮಿಣಮಿಣ. ಇವನ್ನು ‘ಎನ್ನು’ ಎಂಬ ಪುಟ್ಟ ಕ್ರಿಯಾಪದ ಹೊತ್ತು ನಡೆಯುತ್ತದೆ. ಈ ‘ಎನ್ನು’ ಕನ್ನಡದ ಅತ್ಯಂತ ಉಪಯೋಗಿ ಗೂಟ, ಏನನ್ನು ಬೇಕಾದರೂ ತೂಗುಹಾಕಬಹುದು. ‘ಗವ್ ಎನ್ನುವ ಕತ್ತಲು’ ಎಂದಾಗ ಕಿವಿಯದನ್ನು ಕಣ್ಣಿಗೆ ಕೊಟ್ಟಾಗಿದೆ. ಹಾಗೆಯೇ ಒಂದು ಇಂದ್ರಿಯದಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗಬಹುದು: ಮುದುಕಿಯ ಮಿಣಮಿಣ ಎನ್ನುವ ದನಿ, ಬಿಕೋ ಎನ್ನುವ ಔಷಧದ ಕಪಾಟು, ಚುರುಕ್ ಎನ್ನುವ ನೋಟ.

ಪದ ಬೆಸೆಯುವುದು ಮತ್ತೊಂದು ಕೌಶಲ. ವಿಶೇಷಣಗಳು ಸಮಾಸದಲ್ಲಿ ಕುಗ್ಗುತ್ತವೆ: ಕೆಂಪು ‘ಕೆಂ’ ಆಗುತ್ತದೆ, ಬಿಳಿದು ‘ಬೆಳ್’, ಕರಿದು ‘ಕಾರ್’, ತಣ್ಣನೆಯದು ‘ತಣ್’, ಹಿರಿದು ‘ಹೆರ್’. ಹೀಗೆ ಬಂದವೇ ಕೆಮ್ಮಣ್ಣು, ಬೆಳ್ಮುಗಿಲು, ಕಾರ್ಗತ್ತಲು, ತಂಗಾಳಿ, ಹೆಮ್ಮರ, ಹೆದ್ದಾರಿ. ಎರಡನೆಯ ಪದದ ಮೊದಲಿನ ಕ, ತ, ಪ ಸಾಮಾನ್ಯವಾಗಿ ಗ, ದ, ಬ ಆಗುತ್ತವೆ; ಪ ಹಲವೆಡೆ ವ ಆಗುವುದೂ ಉಂಟು. ಇಲ್ಲೊಂದು ಸೂಕ್ಷ್ಮವಿದೆ, ಶಾಲೆಯಲ್ಲಿ ಹೇಳಿಕೊಡುವುದು ಕಡಿಮೆ. ಇಂದಿನ ಎಷ್ಟೋ ‘ಹ’ಕಾರಗಳು ಹಳಗನ್ನಡದಲ್ಲಿ ‘ಪ’ಕಾರವಾಗಿದ್ದವು. ಬೆಸೆದಾಗ ಆ ಹಳೆಯ ಪಕಾರ ಎದ್ದು ಬರುತ್ತದೆ. ಒಂಟಿಯಾಗಿ ನಿಂತಾಗ ಹನಿ, ಕಣ್ಣಿನ ಜತೆ ಸೇರಿದಾಗ ಕಂಬನಿ. ಒಂಟಿಯಾಗಿ ಹಕ್ಕಿ, ಜೋಡಿಯಾದಾಗ ಎಣೆವಕ್ಕಿ. ಇದೇ ದಾರಿಯಲ್ಲಿ ನಡೆದರೆ ಹೊಸ ಪದವೂ ಹಳೆಯದರಂತೆ ಸಲೀಸಾಗಿ ಬರುತ್ತದೆ. ಕೆಂ ಮತ್ತು ಹೊಳೆ ಸೇರಿದರೆ ಕೆಂಬೊಳೆ: ‘ನಿನ್ನೆಯವರೆಗೆ ತಳದ ಕಲ್ಲು ತೋರುತ್ತಿದ್ದ ತುಂಗೆ ಇಂದು ಕೆಂಬೊಳೆ.’ ತಣ್ ಮತ್ತು ಹಗಲು ಸೇರಿದರೆ ತಂಬಗಲು. ಕಾರ್ ಮತ್ತು ಹಗಲು ಸೇರಿದರೆ ಕಾರ್ವಗಲು, ದೀಪ ಹಚ್ಚಿಕೊಂಡೇ ಮಧ್ಯಾಹ್ನದ ಊಟ ಮಾಡಬೇಕಾದ ಆಷಾಢದ ಮಲೆನಾಡಿನ ಹಗಲು. ಇಂಥ ಪದಕ್ಕೆ ಅರ್ಥ ಬರೆದು ಕಂಸದಲ್ಲಿಡುವ ಅಗತ್ಯ ಬೀಳಬಾರದು. ಪಕ್ಕದ ಮಾತೇ ಅದನ್ನು ಹೇಳಬೇಕು, ತುಂಗೆಯ ವಾಕ್ಯದಲ್ಲಿ ತಳದ ಕಲ್ಲು ಹೇಳಿದಂತೆ.

ಬೆಸುಗೆ ಎರಡು ಪದಗಳಿಗೆ ನಿಲ್ಲಬೇಕು, ಮೂರಾದರೆ ಓದುವವನ ಉಸಿರು ಕಟ್ಟುತ್ತದೆ. ಕನ್ನಡ ಪದಕ್ಕೆ ಸಂಸ್ಕೃತ ತತ್ಸಮ ಅಂಟಿಸಿದರೆ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಸುಮಾರು 1260ರ ಹೊತ್ತಿಗೇ ಇದನ್ನು ದೋಷವೆಂದು ಹೇಳಿ, ರೂಢಿಯಲ್ಲಿರುವ ಕೆಲವಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಅವನಿಗೂ ಮೊದಲು, 1112ರಲ್ಲಿ, ಕವಿ ನಯಸೇನ ಕನ್ನಡಕ್ಕೆ ಸಂಸ್ಕೃತ ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ್ದ. ಆ ಹೋಲಿಕೆಯೂ ಅಡುಗೆಮನೆಯಿಂದಲೇ ಬಂದದ್ದು. ಇಂದು ರೂಢಿಯಾಗಿರುವ ಮಿಶ್ರಪದಗಳನ್ನು ಕಿತ್ತುಹಾಕಬೇಕೆಂದು ನಾವು ಹೇಳುತ್ತಿಲ್ಲ. ಹೊಸದಾಗಿ ಕಟ್ಟುವಾಗ ‘ತೆರೆಸಮೂಹ’ಕ್ಕಿಂತ ‘ತೆರೆಸಾಲು’ ಕಿವಿಗೆ ಹಿತ ಎನ್ನುವುದಷ್ಟೇ. ತುತ್ತತುದಿ, ನಟ್ಟನಡು, ಬಟ್ಟಬಯಲುಗಳ ಮಾದರಿಯಲ್ಲಿ ಹೊಸತು ಕಟ್ಟಲು ಹೋಗದಿರುವುದೇ ಒಳ್ಳೆಯದು, ಆ ಬಾಗಿಲು ಮುಚ್ಚಿ ಬಹಳ ಕಾಲವಾಯಿತು.

ತೆರೆದೇ ಇರುವ ಬಾಗಿಲು ಇನ್ನೊಂದು ಕಡೆ ಇದೆ. ನಾಮಪದದ ಬೆನ್ನಿಗೆ ಹತ್ತುವ ಕಟ್ಟು, ಒಡೆ, ಆಡು, ಏರು ಎಂಬ ನಾಲ್ಕು ಕ್ರಿಯಾಪದಗಳು. ಸೇರಿ ಬಿಗಿಯಾಗುವುದು ‘ಗಟ್ಟು’: ಹೆಪ್ಪುಗಟ್ಟು, ಕೆನೆಗಟ್ಟು, ಮಡುಗಟ್ಟು. ಒಳಗಿಂದ ಸೀಳಿ ಬರುವುದು ‘ಒಡೆ’: ಮೊಳಕೆಯೊಡೆ, ಟಿಸಿಲೊಡೆ, ಕವಲೊಡೆ. ಅತ್ತಿತ್ತ ಅಲೆಯುವುದು ‘ಆಡು’: ಹೊಗೆಯಾಡು. ಮೆಲ್ಲಗೆ ಹೆಚ್ಚುವುದು ‘ಏರು’: ಕಾವೇರು, ಕೆಂಪೇರು. ಸಂತೆಯ ಒಂದು ದಿನವನ್ನು ಇವುಗಳಿಂದಲೇ ಬರೆಯಬಹುದು. ಆರು ಗಂಟೆಗೆ ಆಲದ ಮರದ ಬುಡದಲ್ಲಿ ಸಂತೆ ಮೊಳಕೆಯೊಡೆಯಿತು. ಎಂಟಕ್ಕೆ ಮೂರು ಓಣಿಗೆ ಟಿಸಿಲೊಡೆಯಿತು. ಹತ್ತಕ್ಕೆ ಹೆಪ್ಪುಗಟ್ಟಿತು, ಇನ್ನು ಕೈಯಾಡಿಸಲೂ ಎಡೆಯಿಲ್ಲ. ಸಂಜೆ ಸೊಪ್ಪಿನ ಕಂತೆಗಳ ನಡುವೆ ಬೆಲೆ ಬಾಡಿತು. ಈ ಕೊನೆಯ ‘ಬಾಡು’ ಸೊಪ್ಪಿಗೂ ಸಲ್ಲುತ್ತದೆ, ಬೆಲೆಗೂ ಸಲ್ಲುತ್ತದೆ. ಇಂಥ ಎರಡಂಚಿನ ಪದ ಸಿಕ್ಕಾಗ ಅದನ್ನು ಬಿಡಬಾರದು.

ಊರಿನ ಪದಗಳ ಬಗ್ಗೆ ಎರಡು ಮಾತು. ಬರಿದೇ ‘ಕಾಡುಮೇಡು’ ಎನ್ನುವ ಬದಲು ಮಲೆನಾಡಿನವರು ಆಡುವ ಕಾನು (ದಟ್ಟ ಕಾಡು), ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ಎಂಬುವನ್ನು, ಬರಿದೇ ‘ಭೂಮಿ’ ಎನ್ನುವ ಬದಲು ಉತ್ತರ ಕರ್ನಾಟಕದ ಎರೆ, ಮಸಾರಿ (ಕೆಂಪು ಮಣ್ಣು), ಮಡ್ಡಿ (ಕಲ್ಲುನೆಲ) ಎಂಬುವನ್ನು ಬಳಸಿದರೆ ವರ್ಣನೆಯ ಅರ್ಧ ಕೆಲಸ ಮುಗಿದಂತೆ. ಎರೆ ಎಂದೊಡನೆ ಮಳೆಯಲ್ಲಿ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಬಿರುಕು ಬಿಡುವ ಕಪ್ಪು ಮಣ್ಣು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಎಂದು ಸುಮ್ಮನೆ ಬಿಡದೆ ಅದರ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಯನ್ನು ಹೇಳಿದರೆ, ಒಂದು ಗಿಡ್ಡ ಗುಂಡು, ಇನ್ನೊಂದು ಉದ್ದ ತೆಳು ಎಂಬುದು ಹೆಸರಿನಲ್ಲೇ ಕಾಣುತ್ತದೆ. ಮಳೆಗಳಿಗೂ ಹೆಸರಿದೆ. ‘ಜೂನ್ ಕೊನೆಯ ಮಳೆ’ ಎನ್ನುವಲ್ಲಿ ‘ಆರಿದ್ರಾ ಮಳೆ’ ಎಂದರೆ, ಜೂನ್ 22ರ ಆಸುಪಾಸಿನಿಂದ ಸುಮಾರು 14 ದಿನದ ಅವಧಿಯೂ ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ರೈತನ ಆತಂಕವೂ ಒಟ್ಟಿಗೇ ಬರುತ್ತವೆ.

ಎಷ್ಟು ಬಳಸಬೇಕು? ನೂರು ಪದಕ್ಕೆ ಒಂದು ಹೊಸ ಪ್ರಯೋಗ. ಮುನ್ನೂರು ಪದದ ವರದಿಗೆ ಮೂರು ಮೀರಬಾರದು. ಸುತ್ತಲಿನ ವಾಕ್ಯಗಳು ಸಾದಾ ಇದ್ದಷ್ಟೂ ಹೊಸದು ಎದ್ದು ಕಾಣುತ್ತದೆ. ಯಾರು, ಎಲ್ಲಿ, ಯಾವಾಗ ಎಂಬುದನ್ನು ಹೇಳುವ ಮೊದಲ ಪ್ಯಾರಾದಲ್ಲಿ ಒಂದೂ ಬೇಡ. ಬರೆದ ಮೇಲೆ ಗಟ್ಟಿಯಾಗಿ ಓದಿ, ಹೊಸ ಪದವನ್ನು ತೆಗೆದು ಮತ್ತೆ ಓದಬೇಕು. ಮಾಹಿತಿ ಏನೂ ಕಳೆಯದಿದ್ದರೆ ಆ ಪದ ಬೇಕಿರಲಿಲ್ಲ. ‘ಗಾಳಿ ಮಳೆಯನ್ನು ತೂರುತ್ತಿತ್ತು’ ಎಂಬುದನ್ನು ತೆಗೆದರೆ ಹನಿಗಳು ಬೇರ್ಪಟ್ಟ ಸಂಗತಿಯೇ ಹೋಗುತ್ತದೆ. ‘ವರುಣ ಆರ್ಭಟಿಸಿದ’ ಎಂಬುದನ್ನು ತೆಗೆದರೆ ಏನೂ ಹೋಗುವುದಿಲ್ಲ.

ಇದಾವುದೂ ಸಲ್ಲದ ಜಾಗಗಳೂ ಇವೆ, ಅವನ್ನು ಒತ್ತಿ ಹೇಳಬೇಕು. ಸಾವು, ಅಪಘಾತ, ಅತ್ಯಾಚಾರದ ಸುದ್ದಿಯಲ್ಲಿ ಹೊಸ ಹೋಲಿಕೆ ಬೇಡ, ಹಳೆಯದೂ ಬೇಡ. ‘ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು’ ಎಂಬ ವಾಕ್ಯ ಆ ಮನೆಯವರ ಕೈಗೂ ಹೋಗುತ್ತದೆ ಎಂಬುದನ್ನು ನೆನೆಯಬೇಕು. ತಾಯಿ ಮಗನ ಚಪ್ಪಲಿಯನ್ನು ಒಳಗೆ ತೆಗೆದಿಟ್ಟಳು ಎಂದು ಕಂಡದ್ದನ್ನಷ್ಟೇ ಬರೆದರೆ ಸಾಕು. ಹವಾಮಾನದ ಮುನ್ನೆಚ್ಚರಿಕೆಯಲ್ಲಿಯೂ ಪದಗಳ ಆಟ ಸಲ್ಲದು. ಅಲ್ಲಿ ‘ಭಾರಿ ಮಳೆ’ ಎಂಬುದು ವರ್ಣನೆಯಲ್ಲ, ಅಳತೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಆದರೆ ಭಾರಿ, 115.6ರಿಂದ 204.4 ಆದರೆ ಅತಿ ಭಾರಿ, ಅದಕ್ಕೂ ಮಿಕ್ಕಿದರೆ ಅತ್ಯಂತ ಭಾರಿ. 40 ಮಿಲಿಮೀಟರ್ ಮಳೆಗೆ ‘ಅತಿ ಭಾರಿ’ ಎಂದು ತಲೆಬರಹ ಕೊಟ್ಟರೆ, ನಿಜವಾದ ಎಚ್ಚರಿಕೆ ಬಂದ ದಿನ ಹೊಳೆದಂಡೆಯವರು ಅದನ್ನು ನಂಬದೆ ಹೋಗಬಹುದು.

ನಮ್ಮ ಕೋರಿಕೆ ಎರಡು. ನಿಮ್ಮ ಪತ್ರಿಕೆ ನಡೆಸುವ ಶಾಲಾ ಪ್ರಬಂಧ ಸ್ಪರ್ಧೆಗಳಲ್ಲಿ ‘ಆಲಂಕಾರಿಕ ಭಾಷೆ’ಗೆಂದು ಅಂಕ ಮೀಸಲಿಡುವುದಾದರೆ, ಅದನ್ನು ಮಗು ತಾನೇ ನೋಡಿ ಹಿಡಿದ ಒಂದು ಕ್ರಿಯಾಪದಕ್ಕೆ ಕೊಡಿ. ಭೂರಮೆಯ ಹಸಿರು ಸೀರೆಗೆ ಅಂಕ ಬೀಳುವವರೆಗೂ ಮಕ್ಕಳು ಅದನ್ನೇ ಉಡಿಸುತ್ತಿರುತ್ತಾರೆ. ಎರಡನೆಯದು, ವಾರದ ಪುರವಣಿಯಲ್ಲಿ ಕೈಯಗಲದ ಜಾಗ. ವಾರಕ್ಕೊಂದು ಕಸುಬಿನ ಹತ್ತು ಪದಗಳನ್ನು, ಆ ಕಸುಬಿನವರನ್ನೇ ಕೇಳಿ, ಅವು ಯಾವ ಕೆಲಸಕ್ಕೆ ಸಲ್ಲುತ್ತವೆ ಎಂಬ ಒಂದೊಂದು ಸಾಲಿನೊಂದಿಗೆ ಅಚ್ಚುಹಾಕಿ. ಕುಂಬಾರರ ತಿಗರಿ ಮತ್ತು ಆವಿಗೆ, ಆಲೆಮನೆಯ ಕೊಪ್ಪರಿಗೆ, ಗದ್ದೆಯಲ್ಲಿ ಮಳೆಗೆ ಹೊದೆಯುವ ಗೊರಬು ಸರದಿಯಲ್ಲಿ ಬರಲಿ. ಮೊದಲ ವಾರಕ್ಕೆ ಇಳಕಲ್ಲಿನ ಮಗ್ಗ ಆಗಬಹುದು. ಅಲ್ಲಿ ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ನೂಲಿನ ಕೊಂಡಿಗಳನ್ನು ಒಂದರೊಳಗೊಂದು ಹಾಕಿ ಜೋಡಿಸುತ್ತಾರೆ, ಆ ಕ್ರಮಕ್ಕೆ ಟೋಪ್‌ತೆನಿ ಎನ್ನುತ್ತಾರೆ. ಎರಡು ಊರು ಕೂಡುವ ಸೇತುವೆಗೋ, ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ತಿರುವಿಗೋ ಈ ಪದವನ್ನು ಮೊದಲು ಬಳಸುವವರು ನಿಮ್ಮ ವರದಿಗಾರರೇ ಆಗಲಿ.

ಇತಿ,
ನಿಮ್ಮ ಓದುಗರು, ಕನ್ನಡ ಕಲಿಸುವ ಕೆಲವರು
ಧಾರವಾಡ